ಭರಣಿಯ ಕೆಳಗೆ ಹತ್ತೊಂಬತ್ತು ವರ್ಷ

ನಮ್ಮ ಹಳೆಯ ಕಂಪ್ಯೂಟರು ಕೆಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶುರುವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಿತ್ತು, ಅಷ್ಟೆ. ಬೆಳಿಗ್ಗೆ ಅದರ ಗುಂಡಿ ಒತ್ತಿ, ಹಲ್ಲುಜ್ಜಿ, ಚಹಾ ಕುಡಿದು, ಪೇಪರಿನ ಮೊದಲ ಪುಟ ಮುಗಿಸಿ ಬಂದರೆ ತಯಾರಾಗಿ ಕೂತಿರುತ್ತಿತ್ತು. ಧಾರವಾಡದ ಸಪ್ತಾಪುರದಲ್ಲಿ ಕೂತ ಒಬ್ಬ ನಿವೃತ್ತ ಮಾಸ್ತರನಿಗೆ ಇದಕ್ಕಿಂತ ಜಾಸ್ತಿ ವೇಗ ಯಾಕೆ ಬೇಕು?

ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಪುಣೆಯಿಂದ ಮಗ ಫೋನ್ ಮಾಡಿ, "ಅಪ್ಪಾ, ಇನ್ನ ಅದನ್ನ ಇಟಗೋಬ್ಯಾಡ್ರಿ" ಎಂದ. ಹನ್ನೊಂದನ್ನು ಹಾಕಿಸೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಚಿಪ್ ಬೇಕಂತೆ. 2015ರ ನಮ್ಮ ಡಬ್ಬಿಯಲ್ಲಿ ಅದು ಇಲ್ಲ. ನನ್ನನ್ನೂ ಹೀಗೇ, ಕೈಕಾಲು ಗಟ್ಟಿ ಇರುವಾಗಲೇ, 60 ತುಂಬಿತು ಎಂದು ಹಾರ ಹಾಕಿ ಮನೆಗೆ ಕಳಿಸಿದ್ದರು. ಅದಕ್ಕೆ ಹಾರವೂ ಇಲ್ಲ.

ಹೊಸದು ಬಂತು. ಅಂಗಡಿಯ ಹುಡುಗ ಬಂದು ಎರಡನ್ನೂ ಅಕ್ಕಪಕ್ಕ ಇಟ್ಟು ಇದರದ್ದನ್ನು ಅದಕ್ಕೆ ಹಾಕಿದ.

"ಸರ್ರ, ಡಾಕ್ಯುಮೆಂಟ್, ಫೋಟೋ, ಡೆಸ್ಕ್‌ಟಾಪ್ ಎಲ್ಲಾ ಹಾಕೇನ್ರಿ. ಮತ್ತೇನರ ಉಳದೈತೇನ್ರಿ?"

"ಏನೂ ಇಲ್ಲಪಾ" ಎಂದೆ. ಆಸ್ತಿ ಪತ್ರಕ್ಕೆ ಸಹಿ ಹಾಕುವಾಗಲೂ ನಾನು ಇಷ್ಟೇ ಧೈರ್ಯದಿಂದ ಹಾಕಿದ್ದೆ.

ಎರಡು ದಿನ ಹೊಸ ಪರದೆಯ ಅಂದ ನೋಡುವುದರಲ್ಲೇ ಹೋಯಿತು. ಮೂರನೆಯ ದಿನ ಶನಿವಾರ, ಮಧ್ಯಾಹ್ನ. ನಮ್ಮಾಕೆ ಭಜನಾ ಮಂಡಳಿಗೆ ಹೋಗಿದ್ದಳು. ನವೆಂಬರ್ ತಿಂಗಳು, ಪಿಂಚಣಿಯವರು ತಾವಿನ್ನೂ ಬದುಕಿದ್ದೇವೆ ಎಂದು ಬರೆದುಕೊಡುವ ಕಾಲ. ಅದಕ್ಕೆ ಪಿಪಿಒ ನಂಬರು, ಅಂದರೆ ಪಿಂಚಣಿ ಆದೇಶದ ನಂಬರು, ಬೇಕಿತ್ತು. ಆ ನಂಬರು ಒಂದು ಹಳೇ ಮೇಲ್‌ನಲ್ಲಿದೆ ಎಂದು ನನಗೆ ಖಾತ್ರಿ ನೆನಪು. ಸರಿ, ಮೇಲ್ ಓದುವ ತಂತ್ರಾಂಶ ಥಂಡರ್‌ಬರ್ಡ್ ಇಳಿಸಿಕೊಂಡೆ.

ನಾನು 2006ರಿಂದ ಮೇಲ್ ನೋಡುವುದು ಥಂಡರ್‌ಬರ್ಡ್‌ನಲ್ಲೇ. ಅದರ ಮೊದಲ ಪೂರ್ತಿ ಆವೃತ್ತಿ ಬಂದದ್ದು 2004ರ ಡಿಸೆಂಬರಿನಲ್ಲಿ. ಅಂದರೆ ಹೆಚ್ಚುಕಡಿಮೆ ಇಬ್ಬರೂ ಕೂಡಿಯೇ ಮುದುಕರಾದೆವು. ಬ್ರೌಸರಿನಲ್ಲಿ ಮೇಲ್ ನೋಡುವವರನ್ನು ಕಂಡರೆ ನನಗೆ ಒಳಗೊಳಗೇ ಕನಿಕರ. ಪೋಸ್ಟ್ ಆಫೀಸಿಗೆ ಹೋಗಿ, ನಿಂತುಕೊಂಡು ಕಾಗದ ಓದಿ, ಅದನ್ನು ಅಲ್ಲೇ ಬಿಟ್ಟು ಬರುವ ಜನ! ನನ್ನ ಕಾಗದ ನನ್ನ ಮನೆಯಲ್ಲಿ ಇರುತ್ತದೆ ಎಂದು ಎಷ್ಟು ಜನರ ಮುಂದೆ ಭಾಷಣ ಬಿಗಿದಿದ್ದೇನೋ ಲೆಕ್ಕವಿಲ್ಲ.

ಹೆಸರು ಕೇಳಿತು, ಕೊಟ್ಟೆ. ವಿಳಾಸ ಕೇಳಿತು, ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಉಳಿದದ್ದನ್ನು ತಾನೇ ಹುಡುಕಿಕೊಂಡು ಹಸಿರು ಗುರುತು ತೋರಿಸಿತು. ಇನ್‌ಬಾಕ್ಸ್ ತೆರೆಯಿತು. ಒಳಗೆ 37 ಮೇಲ್ ಇದ್ದವು.

ಮೂವತ್ತೇಳು. ನನ್ನ ಹತ್ತಿರ ಇದ್ದದ್ದು ಇಪ್ಪತ್ತು ಸಾವಿರದ ಮೇಲೆ. ಉಳಿದ ಮೂವತ್ತೇಳಾದರೂ ಎಂಥವು? ಒಂದು ಕರೆಂಟ್ ಬಿಲ್ಲು. ಎರಡು ಮದುವೆ ಕರೆಯೋಲೆ. ಮಿಕ್ಕವೆಲ್ಲ ನನಗೆ ಸಾಲ ಕೊಡಲು ತುದಿಗಾಲಲ್ಲಿ ನಿಂತವರದ್ದು. ಹತ್ತೊಂಬತ್ತು ವರ್ಷದ ಗೆಳೆಯರು, ಶಿಷ್ಯರು, ಜಗಳಗಳು, ಮಗಳು ಹೆರಿಗೆಗೆ ಬರುವ ಮುಂಚೆ ಬರೆದ ಉದ್ದುದ್ದ ಪತ್ರಗಳು ಎಲ್ಲ ಮಂಗಮಾಯ.

ಹುಬ್ಬಳ್ಳಿಯಲ್ಲಿ ಅಕ್ಕನ ಮಗ ಇದ್ದಾನೆ. ಕಂಪ್ಯೂಟರಿನ ವಿಷಯಕ್ಕೆ ಮನೆತನಕ್ಕೆಲ್ಲ ಅವನೇ ವೈದ್ಯ. ಫೋನ್ ಹಚ್ಚಿದೆ. ಪುಣ್ಯಕ್ಕೆ ಅವನು ಆಗಷ್ಟೇ ಚಿಗರಿ ಬಸ್ ಹತ್ತಿ ಧಾರವಾಡಕ್ಕೇ ಹೊರಟಿದ್ದ.

"ಮಾಮಾ, ಹಳೇದರಾಗ ಪಾಪ್ ಇತ್ತೋ, ಐಮ್ಯಾಪ್ ಇತ್ತೋ?"

"ಏನೋ ಒಂದು ಇತ್ತಪಾ. ಮೇಲ್ ಬರ್ತಿದ್ದವು."

"ಸರ್ವರ್‌ನಾಗ ಎಷ್ಟು ದಿನ ಇಡು ಅಂತ ಹಾಕಿದ್ದಿ?"

ಆಗ ನೆನಪಾಯಿತು. ಆ ಕಾಲಕ್ಕೆ ನನ್ನ ಮೇಲ್ ಪೆಟ್ಟಿಗೆ ತಿಂಗಳಿಗೊಮ್ಮೆ ತುಂಬಿ, ಜಾಗ ಇಲ್ಲ ಎಂದು ಹೇಳಿ ಬಂದ ಪತ್ರಗಳನ್ನು ವಾಪಸು ಕಳಿಸುತ್ತಿತ್ತು. ಅದಕ್ಕೆ 14 ದಿನ ಇಟ್ಟುಕೊಂಡು ಆಮೇಲೆ ಅಳಿಸು ಎಂದು ನಾನೇ ಸೆಟ್ಟಿಂಗಿನಲ್ಲಿ ಗುರುತು ಹಾಕಿದ್ದೆ. ಅದು ಮಾತ್ರ ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪದೆ ನನ್ನ ಮಾತು ಕೇಳಿದೆ. ನನ್ನ ಇಡೀ ಆಯುಷ್ಯದಲ್ಲಿ ಇಷ್ಟು ವಿಧೇಯ ವಿದ್ಯಾರ್ಥಿ ಸಿಕ್ಕಿರಲಿಲ್ಲ.

ಪಾಪ್, ಐಮ್ಯಾಪ್ ಎರಡೂ ಮೇಲ್ ತರಿಸುವ ಪದ್ಧತಿಗಳು. ಪಾಪ್ ಎಂದರೆ ಹಗೇವು, ನೆಲದೊಳಗೆ ತೋಡಿದ ಕಣಜ. ಗದಗ ಕಡೆಯ ನಮ್ಮ ಊರಲ್ಲಿ ನಾನು ಸಣ್ಣವನಿದ್ದಾಗ ಮನೆ ಮುಂದೆ ಹಗೇವು ಇತ್ತು. ಸುಗ್ಗಿ ಮುಗಿದ ಮೇಲೆ ಜೋಳ ತಂದು ಅದರಲ್ಲಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಹೊಲದಲ್ಲಿ ಇನ್ನು ಒಂದು ಕಾಳೂ ಇಲ್ಲ. ಎಲ್ಲ ನಿಮ್ಮ ಮನೆಯ ನೆಲದಡಿಗೆ. ಐಮ್ಯಾಪ್ ಹಾಗಲ್ಲ. ಅದರಲ್ಲಿ ಜೋಳ ಗೋದಾಮಿನಲ್ಲೇ, ಅಂದರೆ ಮೇಲ್ ಕಂಪನಿಯ ಸರ್ವರಿನಲ್ಲೇ ಇರುತ್ತದೆ, ನೀವು ಯಾವ ಕಿಟಕಿಯಿಂದ ಬೇಕಾದರೂ ನೋಡಬಹುದು. ಹೊಸ ಕಂಪ್ಯೂಟರು ತನ್ನಷ್ಟಕ್ಕೆ ಐಮ್ಯಾಪ್ ಆರಿಸಿಕೊಂಡು ಗೋದಾಮಿನಲ್ಲಿ ಇಣುಕಿದೆ. ಅಲ್ಲಿ ಇದ್ದದ್ದು ಹದಿನಾಲ್ಕು ದಿನದ ಕಾಳು.

"ಮಾಮಾ, ಐಮ್ಯಾಪ್ ಏನ್ ಹೊಸಾದಲ್ಲ. 1986ರಾಗ ಮಾರ್ಕ್ ಕ್ರಿಸ್ಪಿನ್ ಅನ್ನಾಂವ ಮಾಡಿದ್ದು."

1986ರಲ್ಲಿ ನಾನು ಇನ್‌ಲ್ಯಾಂಡ್ ಲೆಟರಿನ ಮಡಿಕೆಯ ಮೇಲೂ ಬರೆಯುತ್ತಿದ್ದೆ, ಹೇಳಲಿಲ್ಲ.

"ಅದು ಇರ್ಲಿ, ಹಳೇ ಕಂಪ್ಯೂಟರ್ ಎಲ್ಲದ? ಯಾರಿಗರ ಕೊಟ್ಟಿ ಏನು?"

ಎಲ್ಲಿದೆ? ಎದೆ ಧಸಕ್ಕೆಂದಿತು. ಎದ್ದು ಮನೆಯೆಲ್ಲ ಹುಡುಕಿದೆ. ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಸಿಕ್ಕಿತು. ಅಡ್ಡ ಮಲಗಿಸಿ, ಮೇಲೆ ಹಳೇ ಟವೆಲ್ ಹಾಸಿ, ಅದರ ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ. ನೆಲದ ಥಂಡಿ ಹತ್ತಬಾರದೆಂದು. ಎರಡೇ ದಿನದಲ್ಲಿ ನಮ್ಮಾಕೆ ಅದಕ್ಕೆ ಎರಡನೆಯ ನೌಕರಿ ಕೊಡಿಸಿದ್ದಳು. ನನಗೆ ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಯಾರೂ ಕೊಡಿಸಿಲ್ಲ.

ಭರಣಿ ಇಳಿಸಿ, ಡಬ್ಬಿ ಹೊತ್ತು ತಂದು, ವೈರು ಜೋಡಿಸಿ, ಗುಂಡಿ ಒತ್ತಿದೆ. ಹಗೇವು ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗುವ ತನಕ ಕಾಯಬೇಕಿತ್ತು. ಹಾಗೇ ಕಾದೆ. ಫ್ಯಾನು ತಿರುಗಿತು. ಕೋಣೆಗೆಲ್ಲ ಸಾಸಿವೆ, ಇಂಗಿನ ವಾಸನೆ.

ಅಳಿಯನ ಬಸ್ ಉಣಕಲ್ ದಾಟಿತ್ತು. "ಹೆಲ್ಪ್ ಒತ್ತು. ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್ ಅಂತ ಅದ, ಅದನ್ನ ಒತ್ತು. ಪ್ರೊಫೈಲ್ ಫೋಲ್ಡರ್ ಅನ್ನೂದರ ಮುಂದ ಓಪನ್." ಒತ್ತಿದೆ. ಒಂದು ಫೋಲ್ಡರು ತೆರೆಯಿತು. ಆ್ಯಪ್‌ಡೇಟಾ ಎಂಬ ಕಣ್ಣಿಗೆ ಕಾಣದ ಫೋಲ್ಡರಿನ ಹೊಟ್ಟೆಯಲ್ಲಿ ಇದು ಇರುತ್ತದಂತೆ. ಅಂಗಡಿಯ ಹುಡುಗನಿಗೆ ಕಾಣದೇ ಇದ್ದದ್ದು ಅದಕ್ಕೇ. ಹೆಸರಂತೂ ಎಂಟು ಅಕ್ಷರದ್ದು, ಒಂದಕ್ಕೊಂದು ಸಂಬಂಧವಿಲ್ಲ. ಮೊಮ್ಮಗಳು ಕೀಬೋರ್ಡಿನ ಮೇಲೆ ಕೈ ಬಡಿದು ಇಟ್ಟ ಹೆಸರಿನ ಹಾಗಿತ್ತು. ಅದರೊಳಗೆ ನನ್ನ ಹತ್ತೊಂಬತ್ತು ವರ್ಷ. ಥಂಡರ್‌ಬರ್ಡ್ ಮುಚ್ಚಿ ಇಡೀ ಫೋಲ್ಡರನ್ನು ಎತ್ತಿ ಪೆನ್‌ಡ್ರೈವಿಗೆ ಹಾಕು ಎಂದ.

ಪೆನ್‌ಡ್ರೈವ್ ಎಲ್ಲಿಂದ ತರಲಿ? ದೇವರ ಮನೆಯ ಪಕ್ಕದ ಸ್ಪೀಕರಿಗೆ ಒಂದು ಸಿಕ್ಕಿಸಿದ್ದು ಕಂಡಿತು. ಕಿತ್ತು ತಂದೆ. 32 ಜಿಬಿ. ಫೋಲ್ಡರು ಎಂಟು ಜಿಬಿಯೂ ಇಲ್ಲ. ಸುಲಭ ಅಲ್ವಾ?

ಅರ್ಧಕ್ಕೆ ನಿಂತಿತು. ಐದು ಜಿಬಿಯ ಒಂದು ಫೈಲು ತೋರಿಸಿ, ಇದು ಇದರಲ್ಲಿ ಹಿಡಿಸದಷ್ಟು ದೊಡ್ಡದು ಎಂದಿತು.

"ಮೂವತ್ತೆರಡರ ಡಬ್ಬ್ಯಾಗ ಐದು ಹಿಡಸಂಗಿಲ್ಲ ಅಂದ್ರ ಏನೋ ಇದು? ನಾ ಗಣಿತಾ ಕಲಿಸಿದಾಂವ."

"ಮಾಮಾ, ಮನಿ ದೊಡ್ಡದದ, ಬಾಗಲಾ ಸಣ್ಣದದ. ಅದು ಫ್ಯಾಟ್ 32 ಇರ್ಬೇಕು. ಅದರಾಗ ಒಂದೊಂದು ಫೈಲು ನಾಲ್ಕು ಜಿಬಿ ಒಳಗಿರಬೇಕು. ನಿನ್ನ ಇನ್‌ಬಾಕ್ಸು ಒಂದ ಫೈಲ್ ಅದ, ಐದು ಜಿಬಿ."

ಬಂದ ಎಲ್ಲ ಮೇಲ್‌ಗಳನ್ನೂ ಥಂಡರ್‌ಬರ್ಡ್ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಒಂದೇ ಫೈಲಿನಲ್ಲಿ ಇಡುತ್ತದಂತೆ. ಇನ್ನೂ ಒಂದು ವಿಷಯ ಕೇಳಿ ನಾನು ಕುರ್ಚಿಯಲ್ಲಿ ಸರಿಯಾಗಿ ಕೂತೆ. ನಾವು ಡಿಲೀಟ್ ಮಾಡಿದ ಮೇಲ್ ಆ ಫೈಲಿನಿಂದ ಕೂಡಲೇ ಹೋಗುವುದಿಲ್ಲ. ಅಳಿಸಿದ್ದು ಎಂಬ ಗುರುತು ಬೀಳುತ್ತದೆ, ಅಷ್ಟೆ; ಕಾಂಪ್ಯಾಕ್ಟ್ ಮಾಡುವ ತನಕ ಅದು ಅಲ್ಲೇ ಬಿದ್ದಿರುತ್ತದೆ. ನಾನು ಕಾಂಪ್ಯಾಕ್ಟ್ ಎಂಬ ಶಬ್ದವನ್ನು ಅದುವರೆಗೆ ಹೆಂಗಸರ ಪೌಡರ್ ಡಬ್ಬಿಗೆ ಮಾತ್ರ ಕೇಳಿದ್ದೆ. ಅಂದರೆ ಆ ಐದು ಜಿಬಿಯಲ್ಲಿ ಸಾಲ ಕೊಡುವವರು ಎಷ್ಟು ಮಂದಿ ಅಡಗಿ ಕೂತಿದ್ದರೋ! ಈಗಲೇ ಕಾಂಪ್ಯಾಕ್ಟ್ ಮಾಡಲೇ ಎಂದೆ. ಬೇಡ, ಇನ್ನೊಂದು ಕಾಪಿ ಇಲ್ಲದೆ ಅದಕ್ಕೆ ಕೈ ಹಚ್ಚಬೇಡ, ಪೆನ್‌ಡ್ರೈವನ್ನೇ ದೊಡ್ಡ ಬಾಗಿಲಿನ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡು ಎಂದ.

"ಅದರಾಗ ಏನರ ಅದನ?"

"ಏನೂ ಇಲ್ಲ."

ಬಸ್ಸಿನಲ್ಲಿ ಯಾರೋ ಹಿರಿಯರು, "ಒಮ್ಮಿ ನೋಡಿ ಮಾಡಂತ ಹೇಳ್ರಿ ಅವರಿಗೆ" ಎಂದದ್ದು ಫೋನಿನಲ್ಲಿ ಸ್ಪಷ್ಟ ಕೇಳಿತು. ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದನೆಂದು ಕಾಣುತ್ತದೆ. ರಾಯಾಪುರದ ಹೊತ್ತಿಗೆ ಇಡೀ ಬಸ್ಸು ನನ್ನ ಇನ್‌ಬಾಕ್ಸಿನ ಚಿಂತೆಯಲ್ಲಿತ್ತು. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ ಎಂದು ಕಂಪ್ಯೂಟರು ಕೇಳಿತು. ಕಂಪ್ಯೂಟರು ಕೇಳುವ ಪ್ರಶ್ನೆಗಳನ್ನು ಯಾರು ಓದುತ್ತಾರೆ? ಓಕೆ ಒತ್ತಿದೆ.

ಈ ಸಲ ಕಾಪಿ ಆಯಿತು. ಮುಗಿಯುವ ಹೊತ್ತಿಗೆ ಅಳಿಯ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ. ಹೊಸ ಕಂಪ್ಯೂಟರಿಗೆ ಫೋಲ್ಡರು ಹಾಕಿ, ರನ್ ಡಬ್ಬಿಯಲ್ಲಿ ಏನೋ ಕುಟ್ಟಿ ಪ್ರೊಫೈಲ್ ಮ್ಯಾನೇಜರ್ ಎಬ್ಬಿಸಿ, ಇನ್ನು ಮೇಲೆ ಈ ಫೋಲ್ಡರೇ ನಿನ್ನ ಮನೆ ಎಂದು ಥಂಡರ್‌ಬರ್ಡಿಗೆ ತೋರಿಸಿದ. ಎರಡು ಭಜಿ ತಿನ್ನುವಷ್ಟರ ಕೆಲಸ. ಎಲ್ಲವೂ ಬಂದವು. ವಿಳಾಸಗಳು ಬಂದವು. ನಾನು ಮರೆತೇಹೋಗಿದ್ದ ಇನ್ನೊಂದು ಖಾತೆಯ ಪಾಸ್‌ವರ್ಡೂ ಬಂತು. ಹೊಲ ಕೊಂಡರೆ ಬಾವಿಯೂ ಬಂದ ಹಾಗೆ.

ಸುಮ್ನೆ ಒಂದು ಹಳೇ ಮೇಲ್ ತೆಗೆದೆ. 2007ರದ್ದು, ಗದಗದ ಗೆಳೆಯನದ್ದು. ತೆಗೆದರೆ ಅಕ್ಷರಗಳಿಗೆಲ್ಲ ಕೋಡು, ಕೊಂಬು, ಟೋಪಿ. ಮೊದಲನೆಯ ಅಕ್ಷರವೇ ಬ್ರಿಟನ್ನಿನ ಪೌಂಡ್ ಚಿಹ್ನೆ. ನನ್ನ ಗೆಳೆಯ ಆಗ ಅಷ್ಟು ಸಾಹುಕಾರನಾಗಿರಲಿಲ್ಲ.

"ವೈರಸ್ ಏನೋ?"

ಅಳಿಯನಿಗೆ ತಿಳಿಯಲಿಲ್ಲ. ಆದರೆ ನನಗೆ ಹೊಳೆಯಿತು, ಇಡೀ ದಿನದಲ್ಲಿ ಮೊದಲ ಸಲ. ನುಡಿ! ಆಗ ಯೂನಿಕೋಡ್ ನಮ್ಮ ಬೀದಿಗೆ ಇನ್ನೂ ಬಂದಿರಲಿಲ್ಲ. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಒಳಗೆ ಇರುವುದು ಇಂಗ್ಲಿಷ್ ಕೋಡು. ಫಾಂಟ್ ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತಿತ್ತು. ಆ ಫಾಂಟ್ ಹೊಸ ಕಂಪ್ಯೂಟರಿನಲ್ಲಿಲ್ಲ, ಅಂಗಿ ಬಿಚ್ಚಿದೆ. ಆ ಪೌಂಡ್ ಚಿಹ್ನೆ ಎಂದರೆ ನಮ್ಮ 'ನ'. ನಮಸ್ಕಾರದ 'ನ'. ಹಳೇ ಕಂಪ್ಯೂಟರಿನಿಂದ ಆ ಫಾಂಟ್ ತಂದು ಹಾಕಿದೆವು. ಕೋಡೆಲ್ಲ ಉದುರಿ ಗೆಳೆಯ ಹೊರಗೆ ಬಂದ:

"ನಮಸ್ಕಾರ. ಕಳೆದ ಮಳೆಗಾಲದಲ್ಲಿ ಒಯ್ದ ನನ್ನ ಛತ್ರಿಯನ್ನು ದಯವಿಟ್ಟು ಕಳಿಸಿಕೊಡಿ. ಇದು ಮೂರನೆಯ ಪತ್ರ."

ಅಳಿಯ ನನ್ನ ಮುಖ ನೋಡಿದ. ನಾನು ಬಾಗಿಲ ಹಿಂದೆ ತೂಗುಹಾಕಿದ್ದ ಛತ್ರಿಯನ್ನು ನೋಡದಿರಲು ಯತ್ನಿಸಿದೆ. ಹಿಡಿಕೆ ಈಗಲೂ ಗಟ್ಟಿ ಇದೆ.

ಅಷ್ಟರಲ್ಲಿ ನಮ್ಮಾಕೆ ಬಂದಳು. "ಭರಣಿ ಯಾರ್ ಕೆಳಗಿಟ್ಟವ್ರು?" ಎಂಬುದರಿಂದ ಶುರುವಾಗಿ, ಮೇಜಿನ ಮೇಲಿನ ಎರಡು ಕಂಪ್ಯೂಟರಿಗೆ ಬಂದು, ಮಿರ್ಚಿಯ ಎಣ್ಣೆ ಹತ್ತಿದ ಕೀಬೋರ್ಡಿಗೆ ನಿಂತಳು. ಪಿಪಿಒ ನಂಬರಿಗಾಗಿ ಇಷ್ಟೆಲ್ಲ ಎಂದು ವಿವರಿಸಿದೆ. ಅವಳು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಬ್ಯಾಂಕಿನ ಪಾಸ್‌ಬುಕ್ ತಂದು ಮೊದಲ ಪುಟ ತೆರೆದು ನನ್ನ ಮುಂದೆ ಹಿಡಿದಳು. ನನ್ನದೇ ಅಕ್ಷರದಲ್ಲಿ, ಕೆಂಪು ಇಂಕಿನಲ್ಲಿ, ಕೆಳಗೆ ಎರಡು ಗೆರೆ ಎಳೆದು ಬರೆದಿತ್ತು.

ಅಳಿಯ ಕೊನೇ ಬಸ್ಸಿಗೆ ಇನ್ನೂ ಮೂರು ತಾಸು ಇದ್ದರೂ ಎದ್ದು ಹೊರಟ. ಹೋಗುವಾಗ ಪೆನ್‌ಡ್ರೈವ್ ಹಾಗೇ ಇರಲಿ, ಅದೇ ನಿನ್ನ ಬ್ಯಾಕಪ್ಪು ಎಂದ. ಆದರೂ ಎಲ್ಲಿಂದ ಕಿತ್ತಿದ್ದೆನೋ ಅಲ್ಲಿಗೇ ಸಿಕ್ಕಿಸಿದೆ. ತೆಗೆದ ವಸ್ತು ತೆಗೆದ ಜಾಗದಲ್ಲಿ ಇಡಬೇಕೆಂದು ಮೂವತ್ತೆಂಟು ವರ್ಷದಿಂದ ಕೇಳುತ್ತಾ ಬಂದಿದ್ದೇನೆ.

ಮರುದಿನ ಬೆಳಗಿನ ಐದೂವರೆ. ನಾನು ಇನ್ನೂ ಹಾಸಿಗೆಯಲ್ಲಿ. ಸ್ನಾನ ಮುಗಿಸಿದ ನಮ್ಮಾಕೆ ದಿನದಂತೆ ದೀಪ ಹಚ್ಚಿ ಸ್ಪೀಕರಿನ ಗುಂಡಿ ಒತ್ತಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಮತ್ತೊಮ್ಮೆ ಒತ್ತಿದಳು.

"ಏನ್ರೀ, ನಮ್ಮ ಮಂಡಳಿ ಹಾಡು ಎಲ್ಲಾ ಇದರಾಗ ಇದ್ದವಲ್ಲಾ. ಒಂದೂ ಬರವಲ್ಲವು. ಸ್ವಲ್ಪ ನೋಡ್ರಿ ಇಲ್ಲೆ."

ನಾನು ರಗ್ಗು ತಲೆ ತನಕ ಎಳೆದುಕೊಂಡೆ.