ಗಡಿ ದಾಟಿದ ಕಾರು

ಪ್ರಶ್ನೆ: 1930ರ ದಶಕದ ದರೋಡೆಕೋರರನ್ನು ಅಡಗಿಸಲು ಅಮೆರಿಕ ತನ್ನ ಕೇಂದ್ರ ಪೊಲೀಸರಿಗೆ ಅಷ್ಟೊಂದು ಅಧಿಕಾರ ಕೊಟ್ಟಿದ್ದು ಸರಿಯೇ?

ಪರ

1934ರ ಮಾರ್ಚ್ 3ರಂದು ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್ ಇಂಡಿಯಾನಾದ ಕ್ರೌನ್ ಪಾಯಿಂಟ್ ಜೈಲಿನಿಂದ ತಪ್ಪಿಸಿಕೊಂಡ. ಇಲ್ಲಿಂದ ಯಾರೂ ಓಡಿಹೋಗಲಾರರು ಎಂದು ಅಧಿಕಾರಿಗಳು ಹೇಳಿಕೊಂಡಿದ್ದ ಜೈಲು ಅದು. ಕೈಯಲ್ಲಿದ್ದದ್ದು ಮರದ ಪಿಸ್ತೂಲು ಅಂತ ಅವನೇ ಆಮೇಲೆ ಹೇಳಿಕೊಂಡ. ಕಾವಲುಗಾರರನ್ನು ಕೂಡಿಹಾಕಿದ. ಷೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥೆ) ಲಿಲಿಯನ್ ಹೋಲಿ ಅವರ ಕಾರನ್ನೇ ಹತ್ತಿ ಪಕ್ಕದ ಇಲಿನಾಯ್ ರಾಜ್ಯಕ್ಕೆ ಹೋದ.

ಅಷ್ಟರಲ್ಲಿ ಅವನ ತಂಡ ಏನೇನು ಮಾಡಿತ್ತು ನೋಡಿ. ಇಂಡಿಯಾನಾ, ಒಹಾಯೊ, ವಿಸ್ಕಾನ್ಸಿನ್‌ಗಳಲ್ಲಿ ಬ್ಯಾಂಕು ದೋಚಿತ್ತು. ಪೊಲೀಸ್ ಠಾಣೆಗಳಿಗೇ ನುಗ್ಗಿ ಬಂದೂಕು, ಗುಂಡು ತಡೆಯುವ ಅಂಗಿ ಹೊತ್ತೊಯ್ದಿತ್ತು. ಒಹಾಯೊದ ಲೈಮಾ ಜೈಲಿನಿಂದ ಡಿಲಿಂಜರ್‌ನನ್ನು ಬಿಡಿಸಿಕೊಳ್ಳಲು ಷೆರಿಫ್ ಜೆಸ್ ಸಾರ್ಬರ್ ಅವರನ್ನು ಕೊಂದಿತ್ತು. ಇಷ್ಟಾದರೂ ಕೇಂದ್ರದ ತನಿಖಾ ಬ್ಯೂರೋ (ಇಂದಿನ ಎಫ್‌ಬಿಐ) ಅವನ ಮೇಲೆ ಕೇಸು ಹಾಕುವಂತಿರಲಿಲ್ಲ. ಬ್ಯಾಂಕ್ ದರೋಡೆ ಆಗ ಆಯಾ ರಾಜ್ಯಕ್ಕೆ ಸೇರಿದ ಅಪರಾಧ. ಕೊಲೆಯೂ ಅಷ್ಟೇ. ಕೊನೆಗೆ ಅವನ ಬೆನ್ನು ಹತ್ತಲು ದಾರಿ ಮಾಡಿಕೊಟ್ಟದ್ದು ಆ ಕಾರು. ಕದ್ದ ಕಾರನ್ನು ರಾಜ್ಯದ ಗಡಿ ದಾಟಿಸುವುದು ಕೇಂದ್ರ ಅಪರಾಧ ಎನ್ನುವ 1919ರ ಕಾನೂನೊಂದು ಇತ್ತು. ಒಂದು ಕಾರಿಗೆ ಇದ್ದ ಕಾನೂನು ಮನುಷ್ಯನ ಜೀವಕ್ಕೆ ಇರಲಿಲ್ಲ. ಇದನ್ನು ಓದಿದಾಗ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ಅದಕ್ಕೆ ಕಾರಣ ಇದೆ.

ನಮ್ಮದು ಗಡಿಯ ಊರು. ಹಳ್ಳ ದಾಟಿದರೆ ಬೇರೆ ರಾಜ್ಯ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ರಾತ್ರಿ ಕೊಟ್ಟಿಗೆಯಿಂದ ನಮ್ಮ ಎರಡೂ ಎತ್ತು ಕಳವಾದವು. ಸಾಲ ಮಾಡಿ ತಂದ ಜೋಡಿ. ಗೊರಸಿನ ಗುರುತು ಹಿಡಿದು ಅಪ್ಪ ಹಳ್ಳದವರೆಗೂ ಹೋದರು. ಮಾರನೇ ದಿನ ಆ ಕಡೆಯ ಸಂತೆಯಲ್ಲಿ ಎತ್ತುಗಳನ್ನು ಕಣ್ಣಾರೆ ಕಂಡರು. ಒಂದು ಅಪ್ಪನ ದನಿ ಕೇಳಿ ತಲೆ ಎತ್ತಿ ನೋಡಿತಂತೆ. ಅಪ್ಪ ಓಡಿಬಂದು ಈ ಕಡೆಯ ಠಾಣೆಯಲ್ಲಿ ಹೇಳಿದರು. ‘ಎತ್ತು ಇರೋದು ಆ ಕಡೆ, ಅವರಿಗೇ ಹೇಳಪ್ಪ’ ಅಂದರು. ಆ ಕಡೆಯ ಠಾಣೆಗೆ ಹೋದರು. ‘ಕಳುವಾಗಿದ್ದು ನಿಮ್ಮ ಕಡೆ, ಅಲ್ಲಿ ದೂರು ಕೊಡು’ ಅಂದರು. ಹಳ್ಳ ದಾಟಿ ದಾಟಿ ಅಪ್ಪನ ಕಾಲು ಸವೆಯಿತು. ಮೂರನೇ ದಿನ ಎತ್ತುಗಳು ಯಾರಿಗೋ ಮಾರಾಟವಾಗಿ ಹೋಗಿದ್ದವು. ಆ ವರ್ಷ ಬೇರೆಯವರ ಎತ್ತು ಬೇಡಿ ಉಳುಮೆ ಮಾಡಿದೆವು. ಹದ ಮೀರಿ ಬಿತ್ತಿದ ಜೋಳ ಮೊಣಕಾಲೆತ್ತರಕ್ಕೆ ನಿಂತಿತು.

ಎರಡೂ ಠಾಣೆಯವರು ಕೆಟ್ಟವರಲ್ಲ. ಅವರಿಗೆ ಗಡಿ ಇತ್ತು, ಕಳ್ಳನಿಗೆ ಇರಲಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ.

ಅಮೆರಿಕದಲ್ಲಿ ಆಗಿದ್ದೂ ಇದೇ, ಬಂದೂಕಿನ ಜೊತೆಗೆ. ದರೋಡೆಕೋರರ ಕೈಯಲ್ಲಿ ಟಾಮಿ ಗನ್ ಎಂಬ ಮಷಿನ್ ಗನ್. ಕಾಲಡಿಯಲ್ಲಿ ವೇಗದ ವಿ-8 ಫೋರ್ಡ್. ಊರಿನ ಪೊಲೀಸ್ ಬೆನ್ನಟ್ಟಿದರೂ ರಾಜ್ಯದ ಗಡಿಯಲ್ಲಿ ಅವನ ಅಧಿಕಾರ ಮುಗಿಯಿತು. 1933ರ ಜೂನ್ 17ರಂದು ಕ್ಯಾನ್ಸಸ್ ಸಿಟಿ ರೈಲು ನಿಲ್ದಾಣದ ಎದುರು ಫ್ರಾಂಕ್ ನ್ಯಾಶ್ ಎಂಬ ಕೈದಿಯನ್ನು ಕಾರಿಗೆ ಹತ್ತಿಸುವಾಗ ಗುಂಡಿನ ಮಳೆ ಸುರಿಯಿತು. ನ್ಯಾಶ್ ಸತ್ತ. ಜೊತೆಗೆ ನಾಲ್ವರು ಕಾನೂನಿನವರು ಸತ್ತರು. ಅವರಲ್ಲಿ ಒಬ್ಬರು ಕೇಂದ್ರ ಬ್ಯೂರೋದ ಏಜೆಂಟ್ ರೇಮಂಡ್ ಕ್ಯಾಫ್ರಿ. ಕೇಂದ್ರ ಏಜೆಂಟನನ್ನು ಕೊಲ್ಲುವುದು ಆಗಿನ್ನೂ ಕೇಂದ್ರ ಅಪರಾಧ ಆಗಿರಲಿಲ್ಲ! ಏಜೆಂಟರಿಗೆ ಬಂಧಿಸುವ, ಬಂದೂಕು ಹಿಡಿಯುವ ಪೂರ್ತಿ ಅಧಿಕಾರವನ್ನೂ ಕಾನೂನು ಕೊಟ್ಟಿರಲಿಲ್ಲ.

ಗಡಿ ಅಡ್ಡ ಬರದಿದ್ದರೆ ಏನಾಗುತ್ತದೆ? ಒಕ್ಲಹೋಮದ ಎಣ್ಣೆ ಉದ್ಯಮಿ ಚಾರ್ಲ್ಸ್ ಅರ್ಶೆಲ್ ಅವರ ಕೇಸು ನೋಡಿ. 1933ರ ಜುಲೈನಲ್ಲಿ ‘ಮಷಿನ್ ಗನ್’ ಕೆಲ್ಲಿಯ ತಂಡ ಅವರನ್ನು ಮನೆಯಿಂದಲೇ ಹೊತ್ತೊಯ್ಯಿತು. ಕೇಳಿದ್ದು 2 ಲಕ್ಷ ಡಾಲರ್. ಕಣ್ಣು ಕಟ್ಟಿದ್ದರು. ಆದರೆ ಅರ್ಶೆಲ್ ಕಿವಿ ಕಟ್ಟಿರಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ವಿಮಾನ ತಲೆ ಮೇಲೆ ಹೋಗುವುದನ್ನು ಗಮನಿಸಿದರು. ಮಳೆ ಬಂದ ದಿನ ಅದು ಬರಲಿಲ್ಲ ಎಂಬುದನ್ನು ನೆನಪಿಟ್ಟರು. ಬಾವಿ ನೀರಿನ ಖನಿಜದ ರುಚಿ ನೆನಪಿಟ್ಟರು. ಸಿಕ್ಕಿದ ಕಡೆಯೆಲ್ಲ ಬೆರಳಚ್ಚು ಒತ್ತಿದರು. ಹಣ ಕೊಟ್ಟು ಬಿಡುಗಡೆಯಾದ ಮೇಲೆ ಏಜೆಂಟರು ವಿಮಾನಗಳ ವೇಳಾಪಟ್ಟಿ ಮತ್ತು ಮಳೆಯ ದಾಖಲೆ ಪಕ್ಕಪಕ್ಕ ಇಟ್ಟು ಟೆಕ್ಸಾಸ್‌ನ ಪ್ಯಾರಡೈಸ್ ಊರಿನ ಹೊಲದ ಮನೆಗೇ ಹೋಗಿ ನಿಂತರು. ಸೆಪ್ಟೆಂಬರ್ 26ಕ್ಕೆ ಕೆಲ್ಲಿ ಮೂರನೇ ರಾಜ್ಯವಾದ ಟೆನೆಸ್ಸಿಯ ಮೆಂಫಿಸ್‌ನಲ್ಲಿ ಸಿಕ್ಕ. ಹಳೆಯ ಕಾಲವಾಗಿದ್ದರೆ ಮೂರು ರಾಜ್ಯದ ಠಾಣೆಗಳು ಒಂದಕ್ಕೊಂದು ಕೈ ತೋರಿಸುತ್ತಿದ್ದವು. ಹೆಸರಾಂತ ವಿಮಾನ ಚಾಲಕ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣದ ಮೇಲೆ 1932ರಲ್ಲಿ ಒಂದು ಕಾನೂನು ಬಂದಿತ್ತು. ಅಪಹರಿಸಿದವರನ್ನು ರಾಜ್ಯದ ಗಡಿ ದಾಟಿಸುವುದು ಕೇಂದ್ರ ಅಪರಾಧ ಎನ್ನುವ ಆ ಕಾನೂನು ಇದ್ದದ್ದರಿಂದ ಇದೆಲ್ಲ ಆಯಿತು.

1934ರ ಮೇ, ಜೂನ್‌ನಲ್ಲಿ ಉಳಿದ ಕಾನೂನುಗಳೂ ಬಂದವು. ಬ್ಯಾಂಕ್ ದರೋಡೆ, ಏಜೆಂಟರ ಕೊಲೆ, ಶಿಕ್ಷೆ ತಪ್ಪಿಸಲು ರಾಜ್ಯ ದಾಟುವುದು ಎಲ್ಲ ಕೇಂದ್ರ ಅಪರಾಧವಾದವು. ಜುಲೈ 22ಕ್ಕೆ ಡಿಲಿಂಜರ್ ಶಿಕಾಗೋದ ಬಯೋಗ್ರಾಫ್ ಚಿತ್ರಮಂದಿರದ ಹೊರಗೆ ಏಜೆಂಟರ ಗುಂಡಿಗೆ ಸತ್ತ. ಅಕ್ಟೋಬರ್ 22ಕ್ಕೆ ‘ಪ್ರೆಟಿ ಬಾಯ್’ ಫ್ಲಾಯ್ಡ್. ನವೆಂಬರ್ 27ಕ್ಕೆ ‘ಬೇಬಿ ಫೇಸ್’ ನೆಲ್ಸನ್. ಇಷ್ಟು ಬೇಗ ಫಲ ಕೊಟ್ಟ ಕಾನೂನುಗಳು ಎಷ್ಟಿವೆ ಹೇಳಿ?

ವಿರೋಧಿಸುವವರಿಗೆ ಈ ದರೋಡೆಕೋರರು ಬಡವರ ಬಂಧುಗಳು. ಜನರ ಹೊಟ್ಟೆ ಉರಿದದ್ದು ನನಗೂ ಅರ್ಥವಾಗುತ್ತದೆ. 1933ರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಸಾವಿರಾರು ಬ್ಯಾಂಕು ಮುಳುಗಿ ಕೂಡಿಟ್ಟ ಹಣ ಹೋಗಿತ್ತು. ಆದರೆ ಗುಂಡು ತಿಂದವರು ಬ್ಯಾಂಕಿನ ಮಾಲೀಕರಲ್ಲ. ಸಂಬಳಕ್ಕೆ ದುಡಿಯುವ ಪೊಲೀಸರು. ಅವರೂ ಬಡವರೇ ಅಲ್ವಾ? ವಿಸ್ಕಾನ್ಸಿನ್‌ನಲ್ಲಿ ಏಜೆಂಟರಿಂದ ಒಮ್ಮೆ ಎಡವಟ್ಟಾಯಿತು, ನಿಜ. ಎಡವಟ್ಟು ಯಾವ ಪೊಲೀಸರಿಂದ ಆಗಿಲ್ಲ? ಬ್ಯೂರೋದ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಆಮೇಲೆ ಏನು ಮಾಡಿದರು ಎನ್ನುವುದು ಬೇರೆಯೇ ಚರ್ಚೆ.

ಮೊನ್ನೆ ಅಪ್ಪನಿಗೆ ಡಿಲಿಂಜರ್ ಕಾರಿನ ಕಥೆ ಹೇಳಿದೆ. ಸುಮಾರು ಹೊತ್ತು ಸುಮ್ನೆ ಕೂತಿದ್ದರು. ‘ಎತ್ತಿಗೂ ಅಂಥದ್ದೊಂದು ಕಾನೂನು ಇದ್ದಿದ್ರೆ’ ಅಂದರು.

ವಿರೋಧ

ನನ್ನನ್ನು ವಿರೋಧವಾಗಿ ಬರೆಯಲು ಕೇಳಿದ್ದಾರೆ. ಒಪ್ಪಿಕೊಂಡಿದ್ದೇನೆ. ರಾಜ್ಯ ದಾಟಿದ ಕೊಲೆಗಡುಕನನ್ನು ಯಾರಾದರೂ ಹಿಡಿಯಲೇಬೇಕು ಎಂಬುದರಲ್ಲಿ ನನಗೆ ಅನುಮಾನ ಇಲ್ಲ. ಅಷ್ಟು ಅಧಿಕಾರ, ಅಷ್ಟು ಅವಸರದಲ್ಲಿ, ಒಂದೇ ಕಚೇರಿಗೆ ಬೇಕಿತ್ತಾ ಎಂಬುದಷ್ಟೇ ನನ್ನ ಪ್ರಶ್ನೆ.

ಕೇಂದ್ರದ ಬ್ಯೂರೋ ಇಲ್ಲದಿದ್ದರೆ ಯಾರೂ ಸಿಗುತ್ತಿರಲಿಲ್ಲ ಎನ್ನುವುದು ಸರಿಯಲ್ಲ. ಬಾನಿ ಮತ್ತು ಕ್ಲೈಡ್ ಎಂಬ ದರೋಡೆಕೋರ ಜೋಡಿ ಹಲವು ರಾಜ್ಯ ಸುತ್ತಿದವರು. 1934ರ ಮೇ 23ರಂದು ಲೂಯಿಸಿಯಾನಾದ ರಸ್ತೆಯಲ್ಲಿ ಅವರನ್ನು ಹೊಂಚು ಹಾಕಿ ಕೊಂದದ್ದು ಟೆಕ್ಸಾಸ್‌ನ ಫ್ರಾಂಕ್ ಹೇಮರ್ ಮತ್ತು ಲೂಯಿಸಿಯಾನಾದ ಸ್ಥಳೀಯ ಅಧಿಕಾರಿಗಳು. ಎರಡು ರಾಜ್ಯದವರು ಮಾತಾಡಿಕೊಂಡು ಮಾಡಿದ ಕೆಲಸ ಅದು. ಶಿಕಾಗೋದ ಭೂಗತ ದೊರೆ ಅಲ್ ಕಪೋನ್ ಜೈಲಿಗೆ ಹೋದದ್ದು 1931ರಲ್ಲಿ, ತೆರಿಗೆ ವಂಚನೆಗೆ. ಲೆಕ್ಕದ ಪುಸ್ತಕ ಹಿಡಿದವರು ಅವನನ್ನು ಕೆಡವಿದರು.

ವಿಸ್ಕಾನ್ಸಿನ್‌ನ ಎಡವಟ್ಟು ಏನು ಎಂದು ಹೇಳಬೇಕು. ಲಿಟಲ್ ಬೊಹೀಮಿಯಾ ಎಂಬ ವಸತಿಗೃಹದಲ್ಲಿ ಡಿಲಿಂಜರ್ ತಂಡ ಇದೆ ಎಂದು ಏಜೆಂಟರಿಗೆ ತಿಳಿಯಿತು. 1934ರ ಏಪ್ರಿಲ್ 22ರ ರಾತ್ರಿ ಅಲ್ಲಿಗೆ ಹೋದರು. ಊಟ ಮುಗಿಸಿ ಮನೆಗೆ ಹೊರಟಿದ್ದ ಮೂವರ ಕಾರಿನ ಮೇಲೆ ಗುಂಡು ಹಾರಿಸಿದರು. ಒಬ್ಬ ಕೆಲಸಗಾರ ಅಲ್ಲೇ ಸತ್ತ. ಇನ್ನಿಬ್ಬರಿಗೆ ಗಾಯವಾಯಿತು. ದರೋಡೆಕೋರರೆಲ್ಲ ತಪ್ಪಿಸಿಕೊಂಡರು. ಓಡುವಾಗ ನೆಲ್ಸನ್ ಏಜೆಂಟ್ ಕಾರ್ಟರ್ ಬಾಮ್ ಅವರನ್ನು ಕೊಂದ. ಇದಾಗಿ 26ನೇ ದಿನಕ್ಕೆ, ಮೇ 18ರಂದು, ಅಧ್ಯಕ್ಷ ರೂಸ್‌ವೆಲ್ಟ್ ಬ್ಯೂರೋಗೆ ಹೊಸ ಅಧಿಕಾರ ಕೊಡುವ ಕಾನೂನುಗಳಿಗೆ ಸಹಿ ಹಾಕಿದರು.

ಹೂವರ್ ವಿಷಯ ಬೇರೆ ಚರ್ಚೆ ಅಲ್ಲ. 1924ರಿಂದ 1972ರಲ್ಲಿ ಸಾಯುವವರೆಗೆ, 48 ವರ್ಷ ಒಬ್ಬರೇ ಮನುಷ್ಯ ಆ ಕುರ್ಚಿಯಲ್ಲಿ ಕೂತರು. ಈ ದರೋಡೆಕೋರರ ಬೇಟೆಯೇ ಅವರನ್ನು ಯಾರೂ ಮುಟ್ಟಲಾಗದಷ್ಟು ಎತ್ತರಕ್ಕೆ ಏರಿಸಿತು. ಮುಂದೆ ಅದೇ ಕಚೇರಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತನ್ನು ಕದ್ದು ಕೇಳಿತು.

ಇಲ್ಲಿಯವರೆಗೆ ಬರೆದದ್ದರಲ್ಲಿ ಅರ್ಧವನ್ನು ನಾನೇ ಇನ್ನೊಬ್ಬರ ಜೊತೆ ವಾದಿಸಿ ಸೋಲಬಹುದು. ಇನ್ನು ಬರೆಯುವುದನ್ನು ಮಾತ್ರ ಬಿಟ್ಟುಕೊಡಲಾರೆ.

1934ರ ಅಕ್ಟೋಬರ್ 22ರಂದು ಏಜೆಂಟರು ಒಹಾಯೊದ ಹೊಲದಲ್ಲಿ ಫ್ಲಾಯ್ಡ್‌ನನ್ನು ಕೆಡವಿದರು. ಅದೇ ವಾರ, ಅಕ್ಟೋಬರ್ 26ರಂದು, ಅಲಬಾಮಾದ ಬ್ರೂಟನ್ ಜೈಲಿಗೆ ಬಿಳಿಯರ ಗುಂಪೊಂದು ನುಗ್ಗಿತು. ಕ್ಲಾಡ್ ನೀಲ್ ಎಂಬ ಕಪ್ಪು ಕೂಲಿಯಾಳನ್ನು ಎಳೆದುಕೊಂಡಿತು. ಕಾರಿನಲ್ಲಿ ಹಾಕಿ ರಾಜ್ಯದ ಗಡಿ ದಾಟಿಸಿ ಫ್ಲಾರಿಡಾಕ್ಕೆ ಒಯ್ದಿತು. ಅವನ ಮೇಲೆ ಕೊಲೆ ಆರೋಪ ಇತ್ತು. ವಿಚಾರಣೆ ಆಗಿರಲಿಲ್ಲ. ಅವನನ್ನು ಕೊಲ್ಲುತ್ತೇವೆ ಎಂಬುದು ಮೊದಲೇ ಪತ್ರಿಕೆಯಲ್ಲಿ, ರೇಡಿಯೋದಲ್ಲಿ ಬಂತು. ಜನ ನೋಡಲು ಸೇರಿದರು. ಅವನಿಗೆ ಕೊಟ್ಟ ಹಿಂಸೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಣವನ್ನು ಮರಿಯಾನಾ ಊರಿನ ನ್ಯಾಯಾಲಯದ ಅಂಗಳದ ಮರಕ್ಕೆ ನೇತು ಹಾಕಿದರು.

ರಾಜ್ಯ ದಾಟಿಸಿದ ಅಪಹರಣ ಅದು. ಲಿಂಡ್‌ಬರ್ಗ್ ಕಾನೂನಿಗೆ ಅದೇ ವರ್ಷದ ಮೇನಲ್ಲಿ ತಿದ್ದುಪಡಿ ಆಗಿತ್ತು. ಹಣಕ್ಕಾಗಲಿ, ಬೇರೆ ಕಾರಣಕ್ಕಾಗಲಿ ಮಾಡಿದ ಅಪಹರಣವೂ ಕೇಂದ್ರ ಅಪರಾಧ ಎಂದು ಸೇರಿಸಿದ್ದರು. ಕಪ್ಪು ಜನರ ಸಂಘಟನೆ ಎನ್‌ಎಎಸಿಪಿ ಈ ಕಾನೂನನ್ನೇ ತೋರಿಸಿ ಕೇಳಿಕೊಂಡಿತು. ಇಲ್ಲಿ ಯಾರೂ ಹಣ ಕೇಳಿಲ್ಲ, ಹಾಗಾಗಿ ಇದು ನಮಗೆ ಬರುವುದಿಲ್ಲ ಎಂದು ಕೇಂದ್ರದ ನ್ಯಾಯ ಇಲಾಖೆ ಕೈ ತೊಳೆದುಕೊಂಡಿತು. ಗಡಿ ದಾಟಿದ ಕಾರು ಅವರ ಕಣ್ಣಿಗೆ ಬಿದ್ದಿತ್ತು. ಗಡಿ ದಾಟಿಸಿದ ಈ ಮನುಷ್ಯ ಬೀಳಲಿಲ್ಲ.

ಗುಂಪು ಕಟ್ಟಿ ಕೊಲ್ಲುವುದನ್ನು ತಡೆಯುವ ಮಸೂದೆ ಮರುವರ್ಷ ಸೆನೆಟ್‌ಗೆ ಬಂತು. ದಕ್ಷಿಣದ ಸದಸ್ಯರು ಬಿಡದೆ ಮಾತಾಡಿ ಅದನ್ನು ಮುಳುಗಿಸಿದರು. ಅಂಥ ಕೇಂದ್ರ ಕಾನೂನಿಗೆ ಅಮೆರಿಕದ ಅಧ್ಯಕ್ಷರ ಸಹಿ ಬಿದ್ದದ್ದು 2022ರ ಮಾರ್ಚ್ 29ರಂದು.