ರದ್ದಿಗೆ ಹಾಕಿ ಮತ್ತೆ ಕೊಳ್ಳುವವರು

ಕೋಲ್ಕತ್ತಾಕ್ಕೆ ಬಂದ ಮೊದಲ ವರ್ಷದ ಮಾತು. ದುರ್ಗಾಪೂಜೆ ಹತ್ತಿರ ಬಂದಿತ್ತು. ಪಕ್ಕದ ಸೀಟಿನ ಸಹೋದ್ಯೋಗಿ ಊಟದ ಡಬ್ಬಿ ಸರಿಸಿ ದಪ್ಪನೆಯ ಪುಸ್ತಕವೊಂದನ್ನು ತೆಗೆದರು. ನೋಡಿದರೆ ಮಕ್ಕಳ ಪತ್ರಿಕೆ 'ಆನಂದಮೇಳ'ದ ಪೂಜಾ ವಿಶೇಷಾಂಕ. 'ಮಗಳಿಗಾ?' ಅಂದೆ. 'ಇಲ್ಲಪ್ಪ, ನನಗೆ. ನಾನು ಮುಗಿಸಿದ ಮೇಲೆ ಬೇಕಾದರೆ ಅವಳು ಓದಲಿ' ಅಂದರು. ವಯಸ್ಸು ಐವತ್ತು ದಾಟಿತ್ತು. ಮುಖದಲ್ಲಿ ಒಂಚೂರೂ ಸಂಕೋಚ ಇಲ್ಲ.

ನನಗೆ ಚುರುಕ್ ಅಂತು. ಬೆಂಗಳೂರಿಗೆ ಹೋದಾಗಲೆಲ್ಲ ನಾನೂ ಅವೆನ್ಯೂ ರಸ್ತೆಯಲ್ಲಿ ಹಳೇ 'ಚಂದಮಾಮ' ಹುಡುಕುತ್ತೇನೆ. ಆದರೆ ಮನೆಯಲ್ಲಿ ಹೇಳುವುದು 'ಸುಮ್ನೆ ಒಂದು ರೌಂಡ್ ಹೋಗಿ ಬರ್ತೀನಿ' ಅಂತ.

ಒಂದು ಕಾಲಕ್ಕೆ ನಮ್ಮ ಮನೆಯಲ್ಲೇ ಟ್ರಂಕ್ ತುಂಬ ಚಂದಮಾಮ ಇತ್ತು. ನಾನು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಅಮ್ಮ 'ಇನ್ನೂ ಚಿಕ್ಕ ಮಗುವಾ ನೀನು?' ಅಂತ ಎಲ್ಲವನ್ನೂ ತೂಕಕ್ಕೆ ಹಾಕಿದರು. ಬಂದ ದುಡ್ಡಿಗೆ ಒಂದು ಸ್ಟೀಲ್ ಡಬ್ಬಿ ತಂದರು. ಅದು ಇವತ್ತಿಗೂ ಮೆಂತ್ಯ ತುಂಬಿಕೊಂಡು ಕೂತಿದೆ. ಈಗ ಒಂದೇ ಒಂದು ಹಳೇ ಸಂಚಿಕೆಗೆ ಕೇಳುವ ದುಡ್ಡಿಗೆ ಅಂಥ ಡಬ್ಬಿ ಮೆಂತ್ಯದ ಸಮೇತ ಬರುತ್ತದೆ.

ಬಂಗಾಳಿಗಳು ಈ ವಿಷಯದಲ್ಲಿ ಬೇರೆ. ಉಪೇಂದ್ರಕಿಶೋರ್ ರಾಯ್ 1913ರಲ್ಲಿ ಮಕ್ಕಳಿಗಾಗಿ 'ಸಂದೇಶ್' ಶುರು ಮಾಡಿದರು. ಮಗ ಸುಕುಮಾರ್ ರಾಯ್ ಬರೆದ ತಮಾಷೆ ಪದ್ಯಗಳ ಪುಸ್ತಕ 'ಆಬೋಲ್ ತಾಬೋಲ್' 1923ರಲ್ಲಿ ಬಂತು. ಮೊಮ್ಮಗ ಸತ್ಯಜಿತ್ ರಾಯ್, ಸಿನಿಮಾದಲ್ಲಿ ಅಷ್ಟು ಹೆಸರಾದ ಮೇಲೂ, 1961ರಲ್ಲಿ ಅದೇ ಪತ್ರಿಕೆಗೆ ಮರುಜೀವ ಕೊಟ್ಟರು. ಅವರ ಕಥೆಗಳ ಪತ್ತೇದಾರ ಫೆಲೂದಾ ಮೊದಲು ಕಾಣಿಸಿಕೊಂಡಿದ್ದೂ ಅಲ್ಲೇ, 1965ರಲ್ಲಿ. ಇಲ್ಲಿನ ಪುಸ್ತಕದಂಗಡಿಗಳ ಬೀದಿ ಕಾಲೇಜ್ ಸ್ಟ್ರೀಟ್‌ನಲ್ಲಿ 'ಆಬೋಲ್ ತಾಬೋಲ್' ಬೇಕು ಅಂದರೆ ಹೊಸ ಪ್ರತಿಯನ್ನೇ ಕೈಗಿಡುತ್ತಾರೆ. ಹಳೆಯದನ್ನು ಹುಡುಕಿಕೊಂಡು ಅಲೆಯಬೇಕಿಲ್ಲ.

ನಮ್ಮಲ್ಲಿ ಬರೆಯುವವರಿಗೆ ಬರವಿತ್ತಾ? ಇಲ್ಲವೇ ಇಲ್ಲ. ಕಾರಂತರು 1936ರಲ್ಲೇ ಮೂರು ಸಂಪುಟದ 'ಬಾಲಪ್ರಪಂಚ' ಕೊಟ್ಟರು. ರಾಜರತ್ನಂ ಅವರ 'ಬಣ್ಣದ ತಗಡಿನ ತುತ್ತೂರಿ' ಬಾಯಿಗೆ ಬಾರದವರು ಯಾರಿದ್ದಾರೆ? ಆದರೆ ಆ ಪದ್ಯ ಇರುವ ಪುಸ್ತಕ ಎಷ್ಟು ಮನೆಗಳಲ್ಲಿದೆ? ಅಮರ ಚಿತ್ರಕಥೆಯದೂ ಇದೇ ಕಥೆ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಮೊದಲ ಹತ್ತು ಪುಸ್ತಕ ಬಂದಿದ್ದು ಕನ್ನಡದಲ್ಲಿ. ಇಂಗ್ಲಿಷ್‌ನ 'ಕೃಷ್ಣ'ನಿಗೆ ಹನ್ನೊಂದನೇ ನಂಬರ್ ಬಿದ್ದಿದ್ದು ಅದಕ್ಕೇ. ಆ ಹತ್ತರಲ್ಲಿ ಒಂದನ್ನೂ ನಾನು ಇದುವರೆಗೆ ಕೈಯಲ್ಲಿ ಹಿಡಿದಿಲ್ಲ.

ಅದಕ್ಕೇ ನನಗೆ ಅನಿಸುವುದು, ನಾವು ಸಂಗ್ರಹ ಅನ್ನುವುದು ಮುಕ್ಕಾಲು ಪಾಲು ಕಳೆದುಕೊಂಡಿದ್ದಕ್ಕೆ ಕಟ್ಟುವ ದಂಡ. ಮಕ್ಕಳ ಪುಸ್ತಕವನ್ನು ನಾವು ಚಿಕ್ಕದಾದ ಅಂಗಿಯ ಹಾಗೆ ನೋಡುತ್ತೇವೆ. ಬೆಳೆದ ಮೇಲೆ ಯಾಕೆ ಬೇಕು ಅಂತ. ಹಾಗಂತ ಕೋಲ್ಕತ್ತಾದಲ್ಲಿ ಎಲ್ಲವೂ ಸರಿಯಿದೆ ಅಂತಲ್ಲ. ನನ್ನ ಸಹೋದ್ಯೋಗಿಯ ಮಗಳು ಓದುವುದು ಜಾಸ್ತಿ ಇಂಗ್ಲಿಷನ್ನೇ. ಅಪ್ಪನ ವಿಶೇಷಾಂಕ ಅವಳ ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿರುತ್ತದಂತೆ. ಬಿದ್ದಿರುತ್ತದಲ್ಲ, ಅಷ್ಟೇ ಸಾಕು ಅನ್ನುತ್ತಾರೆ ಅವರು.

ಹೋದ ಸಲ ನನಗೊಂದು ಒಳ್ಳೆಯ ಸಂಚಿಕೆ ಸಿಕ್ಕಿತು. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಕಂದಾಗಿತ್ತು. ಬೇತಾಳನ ಕಥೆ ಮುಗಿಯುವ ಕಡೆ ಯಾವುದೋ ಮಗು ಪೆನ್ಸಿಲ್‌ನಲ್ಲಿ ಬರೆದಿತ್ತು: 'ರಾಜ ಬಾಯಿ ಬಿಡಬಾರದಿತ್ತು.' ತಂದು ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬೀರುವಿನಲ್ಲಿಟ್ಟೆ. ಸಹೋದ್ಯೋಗಿ ಮನೆಗೆ ಬಂದಾಗ ಹೆಮ್ಮೆಯಿಂದ ತೋರಿಸಿದೆ. 'ಇದನ್ನ ಓದೋದು ಯಾವಾಗ?' ಅಂದರು.

ಕವರ್ ತೆಗೆದು ಮಗನಿಗೆ ಕೊಟ್ಟೆ. ಕನ್ನಡ ಅವನಿಗೆ ಕೂಡಿಸಿ ಕೂಡಿಸಿ ಓದಬೇಕು, ಮೂರು ದಿನ ಹಿಡಿಯಿತು. ವಾಪಸ್ ಬಂದಾಗ ಪುಟದ ಅಂಚಿನಲ್ಲಿ ಝಾಲ್‌ಮುಡಿಯ, ಅಂದರೆ ಇಲ್ಲಿನ ಖಾರ ಮಂಡಕ್ಕಿಯ, ಎಣ್ಣೆ ಬೆರಳು. ಪೆನ್ಸಿಲ್ ಸಾಲಿನ ಕೆಳಗೆ ಅವನದೇ ಸೊಟ್ಟ ಅಕ್ಷರ: 'ಬಿಡದಿದ್ರೆ ತಲೆ ಹೋಳಾಗ್ತಿತ್ತು, ಗೊತ್ತಿಲ್ವಾ?'