ಇಟ್ರಾಕೊನಜೋಲ್ ನುಂಗುವವರು ಗ್ಯಾಸ್ ಮಾತ್ರೆಯ ವಿಷಯ ಮುಚ್ಚಿಡಬೇಡಿ

ತೊಡೆಸಂದಿಯ ಹುಳುಕಡ್ಡಿಗೆ (ಇದು ಫಂಗಸ್ ಸೋಂಕು) ತಿಂಗಳಿಡೀ ಇಟ್ರಾಕೊನಜೋಲ್ ಕ್ಯಾಪ್ಸೂಲ್ ನುಂಗಿದರೂ ವಾಸಿಯಾಗಲಿಲ್ಲ ಅನ್ನುವವರನ್ನು ಮೊದಲು ಕೇಳಬೇಕಾದದ್ದು ಒಂದೇ: ಬೆಳಿಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ತಗೋತೀರಾ? ಡೋಸ್ ಹೆಚ್ಚಿಸುವುದು, ಔಷಧಿ ಬದಲಿಸುವುದು, ಕಂಪನಿಯನ್ನು ಬೈಯುವುದು ಎಲ್ಲ ಆಮೇಲಿನ ಮಾತು.

ಇಟ್ರಾಕೊನಜೋಲ್ ನೀರಿನಲ್ಲಿ ಕರಗುವ ವಸ್ತುವಲ್ಲ. ಅದು ಕರಗಲು ಹೊಟ್ಟೆಯಲ್ಲಿ ಹುಳಿ ಇರಲೇಬೇಕು, ಅಂದರೆ ಜಠರದ ಆಮ್ಲ. ಗ್ಯಾಸ್ ಮಾತ್ರೆಗಳಾದ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಮಾಡುವ ಕೆಲಸವೇ ಆ ಆಮ್ಲವನ್ನು ತಡೆಯುವುದು. ಒಮೆಪ್ರಜೋಲ್ 40 ಮಿಲಿಗ್ರಾಂ ಜೊತೆ ಕೊಟ್ಟಾಗ ರಕ್ತ ಸೇರುವ ಇಟ್ರಾಕೊನಜೋಲ್ ಸುಮಾರು ಮೂರನೇ ಎರಡು ಭಾಗ ಕಡಿಮೆಯಾಗುತ್ತದೆ. ದುಡ್ಡು ಕೊಟ್ಟು ತಂದ ಕ್ಯಾಪ್ಸೂಲಿನ ಬಹುಪಾಲು ಚರ್ಮಕ್ಕೆ ತಲುಪದೆ ಮಲದಲ್ಲೇ ಹೋಗುತ್ತದೆ. ಈ ಗ್ಯಾಸ್ ಮಾತ್ರೆಗಳ ಪ್ರಭಾವ ದಿನವಿಡೀ ಉಳಿಯುವುದರಿಂದ 'ಅದು ಬೆಳಿಗ್ಗೆ, ಇದು ರಾತ್ರಿ' ಎಂದು ಅಂತರ ಕೊಟ್ಟರೂ ಸಮಸ್ಯೆ ಬಗೆಹರಿಯುವುದಿಲ್ಲ. ಜೆಲುಸಿಲ್, ಈನೋದಂಥವು ಸ್ವಲ್ಪ ಹೊತ್ತು ಮಾತ್ರ ಕೆಲಸ ಮಾಡುತ್ತವೆ, ಅವಕ್ಕೆ ಹಿಂದೆ ಮುಂದೆ ಎರಡೆರಡು ಗಂಟೆ ಬಿಟ್ಟರೆ ಸಾಕು.

ಬೇಸರದ ಸಂಗತಿ ಏನೆಂದರೆ, ಹೆಚ್ಚಿನವರಿಗೆ ಗ್ಯಾಸ್ ಮಾತ್ರೆಯ ಅಗತ್ಯವೇ ಇರುವುದಿಲ್ಲ. 'ಪವರ್ ಮಾತ್ರೆ, ಉಷ್ಣ ಆಗುತ್ತೆ' ಎಂದು ಯಾವ ಚೀಟಿಗೂ ಒಂದು ಗ್ಯಾಸ್ ಮಾತ್ರೆ ಜೋಡಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಈ ಔಷಧಿಯ ಮಟ್ಟಿಗೆ ಆ ರೂಢಿ ನೇರವಾಗಿ ಹಾನಿ ಮಾಡುತ್ತದೆ. ಪ್ಯಾಂಟೊಪ್ರಜೋಲ್ ಜೊತೆ ವಾಂತಿ ತಡೆಯುವ ಡೊಮ್‌ಪೆರಿಡೋನ್ ಸೇರಿಸಿರುವ ಮಾತ್ರೆಯಾದರೆ ಇನ್ನೂ ಕೆಟ್ಟದ್ದು: ಡೊಮ್‌ಪೆರಿಡೋನ್ ದೇಹದಿಂದ ಹೊರಹೋಗುವುದನ್ನು ಇಟ್ರಾಕೊನಜೋಲ್ ತಡೆಯುತ್ತದೆ, ಅದು ಮೈಯಲ್ಲಿ ಹೆಚ್ಚಾದರೆ ಎದೆಬಡಿತದ ಲಯವೇ ತಪ್ಪಬಹುದು. ಈ ಎರಡನ್ನೂ ಒಟ್ಟಿಗೆ ಕೊಡಲೇಬಾರದು.

ಹಾಗಾದರೆ ನುಂಗುವುದು ಹೇಗೆ? ಹೊಟ್ಟೆ ತುಂಬ ಊಟ ಮಾಡಿ, ಕೈತೊಳೆದ ಕೂಡಲೇ. ಟೀ ಬಿಸ್ಕತ್ತು ಊಟವಲ್ಲ, ಒಂದು ಬಾಳೆಹಣ್ಣೂ ಅಲ್ಲ. ಮುದ್ದೆ-ಸಾರು, ಅನ್ನ-ಹುಳಿ, ಮೂರು ಚಪಾತಿ ಪಲ್ಯ, ಇಂಥದ್ದು. ಆಹಾರ ಬಿದ್ದಾಗ ಆಮ್ಲ ಚೆನ್ನಾಗಿ ಸುರಿಯುತ್ತದೆ, ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಕ್ಯಾಪ್ಸೂಲಿನೊಳಗಿನ ಔಷಧಿಯ ಕಾಳುಗಳು ಕರಗಲು ಸಮಯ ಸಿಗುತ್ತದೆ. ಕ್ಯಾಪ್ಸೂಲನ್ನು ಬಿಚ್ಚಿ ಚಮಚಕ್ಕೆ ಸುರಿದುಕೊಳ್ಳಬೇಡಿ, ಇಡಿಯಾಗಿ ನೀರಿನ ಜೊತೆ ನುಂಗಿ. ದಿನಕ್ಕೆ ಎರಡು ಬರೆದಿದ್ದರೆ ಮಧ್ಯಾಹ್ನದ ಮತ್ತು ರಾತ್ರಿಯ ಊಟದ ನಂತರ ಅನುಕೂಲ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡೆರಡು ನುಂಗಬಾರದು.

ಹುಣ್ಣು, ರಕ್ತ ತೆಳುಮಾಡುವ ಔಷಧಿ ಇತ್ಯಾದಿ ಕಾರಣಕ್ಕೆ ಗ್ಯಾಸ್ ಮಾತ್ರೆ ಬಿಡಲಾಗದವರು ತಾವಾಗಿಯೇ ಅದನ್ನು ನಿಲ್ಲಿಸಬಾರದು. ಅಂಥವರಿಗೆ ಸೂಬಾ ಇಟ್ರಾಕೊನಜೋಲ್ ಎಂಬ ಬೇರೆ ತಯಾರಿಕೆ ಇದೆ, ಅದು ಆಮ್ಲವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಅದರ ಮಿಲಿಗ್ರಾಂ ಲೆಕ್ಕವೇ ಬೇರೆ: 50, 65, 130 ಎಂದೆಲ್ಲ ಬರುತ್ತದೆ. 65ರ ಸೂಬಾ ಸಾಮಾನ್ಯ ಕ್ಯಾಪ್ಸೂಲಿನ 100ಕ್ಕೆ ಸಮ ಎಂದು ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ಅಂಗಡಿಯಲ್ಲಿ 'ಎರಡೂ ಒಂದೇ ಸಾರ್' ಎಂದು ಬದಲಿಸಿ ಕೊಟ್ಟರೆ ಒಪ್ಪಬೇಡಿ, ಡಾಕ್ಟರನ್ನು ಕೇಳಿ.

ಇನ್ನು ಕೆಲವರು ಈ ಔಷಧಿ ಮುಟ್ಟುವ ಮುನ್ನವೇ ಬಾಯಿಬಿಟ್ಟು ಹೇಳಬೇಕು. ಹೃದಯ ವೈಫಲ್ಯ ಇದ್ದವರಿಗೆ ಇದು ಸಲ್ಲದು, ಏಕೆಂದರೆ ಹೃದಯದ ಸಂಕೋಚನ ಶಕ್ತಿಯನ್ನು ಇಟ್ರಾಕೊನಜೋಲ್ ತಗ್ಗಿಸುತ್ತದೆ. ಕೊಲೆಸ್ಟರಾಲಿಗೆ ಕೊಡುವ ಸಿಮ್ವಾಸ್ಟಾಟಿನ್ ಇದರ ಜೊತೆ ಕೂಡದು. ಅಟೊರ್ವಾಸ್ಟಾಟಿನ್ ನುಂಗುವವರೂ ತಿಳಿಸಬೇಕು, ಅದು ರಕ್ತದಲ್ಲಿ ಏರಿ ಸ್ನಾಯುಗಳಿಗೆ ಪೆಟ್ಟು ಕೊಡಬಹುದು. ಬಿಪಿಗೆ ಆಮ್ಲೊಡಿಪಿನ್ ತೆಗೆದುಕೊಳ್ಳುವವರಿಗೆ ಕಾಲು ಊದುವುದು ಹೆಚ್ಚಾಗಬಹುದು. ಗರ್ಭಿಣಿಯರಿಗೆ ಹುಳುಕಡ್ಡಿಯಂಥ ಸೋಂಕಿಗಾಗಿ ಇದನ್ನು ಕೊಡುವುದಿಲ್ಲ, ಮಾತ್ರೆ ನಿಲ್ಲಿಸಿದ ಮೇಲೂ ಎರಡು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ ಬೇಕು. ಹಿಂದೆ ಕಾಮಾಲೆ ಆಗಿದ್ದವರು, ಮದ್ಯ ಕುಡಿಯುವವರು ಮೊದಲೇ ಲಿವರ್ ಪರೀಕ್ಷೆ ಮಾಡಿಸಲಿ. ಒಂದು ತಿಂಗಳು ದಾಟುವ ಚಿಕಿತ್ಸೆಯಾದರೆ ಎಲ್ಲರೂ ಮಾಡಿಸುವುದು ಒಳ್ಳೆಯದು.

ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಊಟ ಕಂಡರೆ ವಾಕರಿಕೆ, ಬಲಪಕ್ಕೆಯ ಕೆಳಗೆ ನೋವು, ಇವು ಲಿವರಿನ ಸೂಚನೆ. ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು, ನಾಲ್ಕೇ ದಿನದಲ್ಲಿ ತೂಕ ಏರುವುದು ಹೃದಯದ ಸೂಚನೆ. ಯಾವುದು ಕಂಡರೂ ಮುಂದಿನ ಕ್ಯಾಪ್ಸೂಲ್ ನುಂಗದೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಈ ಊಟ-ಆಮ್ಲದ ನಿಯಮವನ್ನು ಎಲ್ಲ ಫಂಗಸ್ ಮಾತ್ರೆಗಳಿಗೂ ಅನ್ವಯಿಸಬೇಡಿ. ಟರ್ಬಿನಫಿನ್ 250 ಮಿಲಿಗ್ರಾಂ ಊಟದ ಮುಂಚೆಯಾದರೂ ಸರಿ, ನಂತರವಾದರೂ ಸರಿ. ಕೆಲವರಿಗೆ ಅದರಿಂದ ನಾಲಗೆಯ ರುಚಿ ಹೋಗುತ್ತದೆ, ಹಾಗಾದರೆ ತಿಳಿಸಬೇಕು. ಫ್ಲುಕೊನಜೋಲಿಗೂ ಊಟದ ಹಂಗಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ನುಂಗುವವರಲ್ಲಿ ಅದು ಸಕ್ಕರೆಯನ್ನು ಅತಿಯಾಗಿ ಇಳಿಸಬಹುದು, ರಕ್ತ ತೆಳುಮಾಡುವ ವಾರ್ಫರಿನ್ ನುಂಗುವವರಲ್ಲಿ ರಕ್ತಸ್ರಾವ ತರಬಹುದು. ಗ್ರಿಸಿಯೊಫುಲ್ವಿನ್ ಅನ್ನು ಮಾತ್ರ ತುಪ್ಪ, ಹಾಲು ಇರುವ ಊಟದ ಜೊತೆ ನುಂಗಿದರೆ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ.

ನಿಲ್ಲಿಸುವ ವಿಷಯದಲ್ಲಿ ಎರಡು ಕಡೆಯೂ ತಪ್ಪುತ್ತಾರೆ. ತುರಿಕೆ ಮೊದಲ ವಾರದಲ್ಲೇ ತಗ್ಗುತ್ತದೆ, ಆದರೆ ಹುಳುಕಡ್ಡಿಯ ಉಂಗುರದಂಥ ಗುರುತಿನ ಅಂಚಿನಲ್ಲಿ ಫಂಗಸ್ ಬದುಕಿರುತ್ತದೆ. ಅಲ್ಲಿಗೆ ಬಿಟ್ಟವರಿಗೆ ಅದೇ ಜಾಗದಲ್ಲಿ ಮರಳಿ ಬರುತ್ತದೆ. ಇಂಡೋಟಿನಿಯೇ ಎಂಬ, ಟರ್ಬಿನಫಿನ್‌ಗೆ ಅನೇಕ ಸಲ ಬಗ್ಗದ ಫಂಗಸ್ ತಳಿ ಈಗ ಎಲ್ಲೆಡೆ ಹರಡಿರುವಾಗ ಅರೆಬರೆ ಚಿಕಿತ್ಸೆ ಯಾರಿಗೂ ಒಳ್ಳೆಯದಲ್ಲ. ಇನ್ನೊಂದು ಕಡೆ, ವಾಸಿಯಾದ ಮೇಲೆ ಉಳಿಯುವ ಕಂದು ಕಲೆಯನ್ನೇ ರೋಗ ಅಂದುಕೊಂಡು ತಿಂಗಳುಗಟ್ಟಲೆ ಕ್ಯಾಪ್ಸೂಲ್ ನುಂಗುವವರಿದ್ದಾರೆ. ಬೆರಳಾಡಿಸಿ ನೋಡಿ. ಅಂಚು ಉಬ್ಬಿದ್ದು ಹೊಟ್ಟು ಏಳುತ್ತಿದ್ದರೆ ಸೋಂಕು ಇನ್ನೂ ಇದೆ ಎಂದು ಅನುಮಾನಿಸಬೇಕು, ಆ ಚರ್ಮವನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಖಾತ್ರಿಯಾಗುತ್ತದೆ. ನುಣುಪಾಗಿದ್ದು ತುರಿಕೆಯೂ ಇಲ್ಲದಿದ್ದರೆ ಅದು ಬರೀ ಕಲೆ, ತಿಂಗಳುಗಳಲ್ಲಿ ತಾನೇ ಮಾಸುತ್ತದೆ.